ಸುಣ್ಣಕಲ್ಲಿನ ಮರುಜನ್ಮ

*ಕಬ್ಬೂರಿನ ಕರಿಕಲ್ಲು ದಾಟಿ ಪೂರ್ವಕ್ಕೆ ಹೊರಟರೆ ನೂರು ಕೋಟಿ ವರ್ಷಕ್ಕೂ ಹಳೆಯದಾದ ಕಡಲಿನ ತಳ ಸಿಗುತ್ತದೆ. ಅಲ್ಲಿರುವ ಡೋಲೊಮೈಟ್ ಹೇಗೆ ಹುಟ್ಟಿತು ಎಂಬ ಪ್ರಶ್ನೆ ಎರಡು ಶತಮಾನಗಳಿಂದ ವಿಜ್ಞಾನಿಗಳನ್ನು ಸತಾಯಿಸುತ್ತಿದೆ.*

ಬೆಳಗಾವಿ ಜಿಲ್ಲೆಯ ಕಬ್ಬೂರಿನಲ್ಲಿ ಬಾವಿ ತೋಡಿಸಿದವರಿಗೆ ನೆಲದ ಕ್ರಮ ಬಾಯಿಪಾಠ. ಮೇಲೆ ಎರಿಮಣ್ಣು, ಅದರಡಿ ಮುರುಮು, ಮುರುಮಿನಡಿ ಕರಿಕಲ್ಲು. ಎರಿಮಣ್ಣಿನ ನಡುವೆ ಅಲ್ಲಲ್ಲಿ ಬಿಳಿಯ ಸುಣ್ಣದ ಹರಳು. ಕರಿಕಲ್ಲನ್ನು ಒಡೆದರೆ ಒಳಗಿನ ಸಣ್ಣ ಗೂಡುಗಳಲ್ಲಿ ಹೊಳೆಯುವ ಬಿಳಿ ತುಣುಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಬಹುಭಾಗ ಇದೇ ಕಲ್ಲಿನ ಮೇಲೆ ಕೂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಉಕ್ಕಿ ಹರಿದ ಲಾವಾ ತಣ್ಣಗಾಗಿ ಉಳಿದ ಬೆಸಾಲ್ಟ್ ಅದು. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ.

ಈ ನೆಲದ ಮೇಲೆ ಡೋಲೊಮೈಟ್ ಹುಡುಕಿದರೆ ಸಿಗದು. ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಗೋಕಾಕದ ಕಡೆ ಇಳಿದರೆ ಘಟಪ್ರಭೆ 52 ಮೀಟರ್ ಧುಮುಕುವ ಜಾಗದಲ್ಲಿ ಬಂಡೆಯ ಗುಣವೇ ಬೇರೆ. ಅಲ್ಲಿರುವುದು ಗಟ್ಟಿಯಾದ ಮರಳುಗಲ್ಲು. ಲಾವಾದ ಹೊದಿಕೆ ಸವೆದು ಅಡಿಯ ಹಳೆಯ ಶಿಲೆಗಳು ಕಾಣಲು ಶುರುವಾಗುವುದು ಆ ಸುತ್ತಿನಲ್ಲೇ. ಇನ್ನೂ ಪೂರ್ವಕ್ಕೆ ಯಾದವಾಡ, ಮುದ್ದಾಪುರ, ಲೋಕಾಪುರ, ಕಲಾದಗಿಯ ಕಡೆ ಸಾಗಿದರೆ ನೆಲದ ಬಣ್ಣ ಬದಲಾಗುತ್ತದೆ. ಬೂದು, ತೆಳುಗುಲಾಬಿ, ಮಾಸಲು ಬಿಳಿ ಬಣ್ಣದ ಪದರುಗಲ್ಲುಗಳು ಮಡ್ಡಿಗಳಲ್ಲಿ, ಹಳ್ಳದ ದಂಡೆಗಳಲ್ಲಿ, ಕ್ವಾರಿಗಳಲ್ಲಿ ಬಯಲಾಗುತ್ತವೆ. ಅವುಗಳಲ್ಲಿ ಕೆಲವು ಸುಣ್ಣಕಲ್ಲು, ಕೆಲವು ಡೋಲೊಮೈಟ್. ಕಬ್ಬೂರಿನಿಂದ ಲೋಕಾಪುರಕ್ಕೆ ನೇರ ಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರ್ ಆಸುಪಾಸು.

ಸುಣ್ಣಕಲ್ಲು, ಡೋಲೊಮೈಟ್ ಎರಡನ್ನೂ ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಆದರೆ ಒಂದರ ಚರಿತ್ರೆ ಇನ್ನೊಂದರದಕ್ಕಿಂತ ಒಂದು ಅಧ್ಯಾಯ ಹೆಚ್ಚು. ಸುಣ್ಣಕಲ್ಲು ಕಡಲಲ್ಲಿ ಹುಟ್ಟುತ್ತದೆ. ಡೋಲೊಮೈಟ್ ಬಹುಪಾಲು ಹಾಗೆ ಹುಟ್ಟಿದ ಸುಣ್ಣಕಲ್ಲೇ ಬದಲಾಗಿ ಆದ ಕಲ್ಲು. ಆದ್ದರಿಂದ ಭೂವಿಜ್ಞಾನಿ ಡೋಲೊಮೈಟನ್ನು ವರ್ಗೀಕರಿಸುವಾಗ ಕೇಳುವ ಪ್ರಶ್ನೆಗಳೂ ಬದಲಾವಣೆಯ ಕುರಿತೇ ಇರುತ್ತವೆ: ಎಷ್ಟು ಬದಲಾಯಿತು? ಹೇಗೆ? ಯಾವಾಗ?

ಎರಡು ಲೋಹ, ಒಂದು ಹರಳು

ಶುದ್ಧ ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬನೇಟ್. ಅದರ ಹರಳಿನ ಹೆಸರು ಕ್ಯಾಲ್ಸೈಟ್. ಡೋಲೊಮೈಟಿನಲ್ಲಿ ಕ್ಯಾಲ್ಸಿಯಂನ ಅರ್ಧದಷ್ಟು ಜಾಗವನ್ನು ಮೆಗ್ನೀಸಿಯಂ ಹಿಡಿದಿರುತ್ತದೆ. ಶುದ್ಧ ಡೋಲೊಮೈಟನ್ನು ವಿಶ್ಲೇಷಿಸಿದರೆ ತೂಕದ ಲೆಕ್ಕದಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇ 30.4, ಮೆಗ್ನೀಸಿಯಂ ಆಕ್ಸೈಡ್ ಶೇ 21.9, ಉಳಿದ ಶೇ 47.7 ಇಂಗಾಲದ ಡೈಆಕ್ಸೈಡ್.

ಎರಡು ಲೋಹ ಹೇಗೆಂದರೆ ಹಾಗೆ ಬೆರೆತರೆ ಅದು ಡೋಲೊಮೈಟ್ ಆಗದು. ಹರಳಿನೊಳಗೆ ಒಂದು ಪದರು ಪೂರ್ತಿ ಕ್ಯಾಲ್ಸಿಯಂ, ನಡುವೆ ಕಾರ್ಬನೇಟ್, ಮುಂದಿನ ಪದರು ಪೂರ್ತಿ ಮೆಗ್ನೀಸಿಯಂ, ಮತ್ತೆ ಕಾರ್ಬನೇಟ್, ಮತ್ತೆ ಕ್ಯಾಲ್ಸಿಯಂ. ಸಾಲು ತಪ್ಪುವಂತಿಲ್ಲ. ಈ ಕಟ್ಟುನಿಟ್ಟಿನ ಜೋಡಣೆಯೇ ಡೋಲೊಮೈಟಿನ ಗುರುತು. ಅದರ ಹುಟ್ಟನ್ನು ಕಷ್ಟವಾಗಿಸಿದ್ದೂ ಅದೇ.

ಮೆಗ್ನೀಸಿಯಂನ ಅಯಾನು ಕ್ಯಾಲ್ಸಿಯಂನ ಅಯಾನಿಗಿಂತ ಚಿಕ್ಕದು. ಹೀಗಾಗಿ ಡೋಲೊಮೈಟಿನ ಹರಳು ಹೆಚ್ಚು ಒತ್ತಾಗಿದೆ. ಕ್ಯಾಲ್ಸೈಟಿನ ಸಾಂದ್ರತೆ 2.71, ಡೋಲೊಮೈಟಿನದು ಸುಮಾರು 2.85. ಕ್ಯಾಲ್ಸೈಟಿನ ಗಡಸುತನ 3, ಡೋಲೊಮೈಟಿನದು 3.5ರಿಂದ 4. ಆಮ್ಲಕ್ಕೂ ಅದು ಬೇಗ ಜಗ್ಗದು.

ಲೋಕದ ಗಮನ ಈ ಕಲ್ಲಿನ ಕಡೆ ಹರಿದದ್ದೂ ಆ ಕೊನೆಯ ಗುಣದಿಂದಲೇ. 1750ರಲ್ಲಿ ಹುಟ್ಟಿದ ಫ್ರೆಂಚ್ ಭೂವಿಜ್ಞಾನಿ ದಿಯೊದಾ ದ ದೊಲೊಮ್ಯೂ ಆಲ್ಪ್ಸ್ ಪರ್ವತಗಳಲ್ಲಿ ಅಲೆಯುವಾಗ ಸುಣ್ಣಕಲ್ಲಿನಂತೆ ಕಾಣುತ್ತಿದ್ದ, ಆದರೆ ಆಮ್ಲ ಬಿದ್ದರೆ ನೊರೆಯೇಳದ ಕಲ್ಲನ್ನು ಕಂಡ. 1791ರಲ್ಲಿ ಅದರ ಬಗ್ಗೆ ಬರೆದ. ಜಿನೀವಾದ ನಿಕೊಲಾ ತಿಯೊಡೊರ್ ದ ಸೊಸ್ಯೂರ್ ಆ ಕಲ್ಲನ್ನು ವಿಶ್ಲೇಷಿಸಿ, 1792ರಲ್ಲಿ ಅದಕ್ಕೆ ದೊಲೊಮ್ಯೂವಿನ ಹೆಸರನ್ನೇ ಇಟ್ಟ. ಇಟಲಿಯ ಡೋಲೊಮೈಟ್ ಪರ್ವತಗಳಿಗೆ ಆ ಹೆಸರು ಬಂದದ್ದು ಆಮೇಲೆ. 2009ರಲ್ಲಿ ಅವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ದೊಲೊಮ್ಯೂ ಮಾತ್ರ ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಗೆ ಹೋಗಿ, ಮರಳುವ ದಾರಿಯಲ್ಲಿ ಸೆರೆಸಿಕ್ಕು, ಮೆಸ್ಸಿನಾದ ಕತ್ತಲಕೋಣೆಯಲ್ಲಿ ತಿಂಗಳುಗಟ್ಟಲೆ ಕೊಳೆತ. ದೀಪದ ಮಸಿಯನ್ನೇ ಶಾಯಿ ಮಾಡಿಕೊಂಡು ಪುಸ್ತಕದ ಅಂಚುಗಳಲ್ಲಿ ಖನಿಜಗಳ ಕುರಿತು ಬರೆದ. 1801ರಲ್ಲಿ ಬಿಡುಗಡೆಯಾಗಿ ಅದೇ ವರ್ಷ ತೀರಿಕೊಂಡ.

ಸಾಮಗ್ರಿ ಕಡಲಲ್ಲಿದೆ, ಕಲ್ಲು ಆಗುತ್ತಿಲ್ಲ

ಕಬ್ಬೂರಿನ ಕರಿಕಲ್ಲಿನಲ್ಲೂ ಕ್ಯಾಲ್ಸಿಯಂ ಇದೆ, ಮೆಗ್ನೀಸಿಯಂ ಇದೆ. ಮಳೆ, ಗಾಳಿ, ಬೇರುಗಳಿಗೆ ಸಿಕ್ಕಿ ಬೆಸಾಲ್ಟ್ ಸವೆಯುತ್ತದೆ. ಕರಗಿದ ಲೋಹಗಳು ಹಳ್ಳ ಸೇರಿ, ಘಟಪ್ರಭೆ ಸೇರಿ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಲೋಕದ ಎಲ್ಲ ನದಿಗಳೂ ಕೋಟ್ಯಂತರ ವರ್ಷಗಳಿಂದ ಹೀಗೆ ಸಾಗಿಸುತ್ತಿವೆ. ಇಂದಿನ ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 1.29 ಗ್ರಾಂ ಮೆಗ್ನೀಸಿಯಂ, 0.41 ಗ್ರಾಂ ಕ್ಯಾಲ್ಸಿಯಂ ಕರಗಿವೆ. ಅಯಾನುಗಳನ್ನು ಎಣಿಸಿದರೆ ಒಂದು ಕ್ಯಾಲ್ಸಿಯಂಗೆ ಐದು ಮೆಗ್ನೀಸಿಯಂ. ರಸಾಯನಶಾಸ್ತ್ರದ ಲೆಕ್ಕದಂತೆ ಕಡಲ ತಳದಲ್ಲಿ ಡೋಲೊಮೈಟ್ ತಾನೇ ತಾನಾಗಿ ಶೇಖರವಾಗಬೇಕು.

ಹಾಗೆ ಆಗುತ್ತಿಲ್ಲ. ಚಿಪ್ಪು, ಹವಳ, ಪಾಚಿ ಎಲ್ಲವೂ ಕ್ಯಾಲ್ಸಿಯಂ ಕಾರ್ಬನೇಟನ್ನೇ ಕಟ್ಟುತ್ತವೆ. ಇಂದಿನ ಕಡಲಲ್ಲಿ ಡೋಲೊಮೈಟ್ ಅಪರೂಪ. ಹಳೆಯ ಶಿಲೆಗಳಲ್ಲಿ ಮಾತ್ರ ನೂರಾರು ಮೀಟರ್ ದಪ್ಪನೆಯ ರಾಶಿಗಳಿವೆ. ಈ ಒಗಟಿಗೆ 'ಡೋಲೊಮೈಟ್ ಸಮಸ್ಯೆ' ಎಂದೇ ಹೆಸರು.

ಅಮೆರಿಕದ ಲಿಂಟನ್ ಲ್ಯಾಂಡ್ ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಡೋಲೊಮೈಟ್ ಆಗಲು ಬೇಕಾದದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು ಸಾಮಗ್ರಿ ಕರಗಿದ್ದ ದ್ರಾವಣವನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಕಾದರು. 32 ವರ್ಷವಾದರೂ ಡೋಲೊಮೈಟ್ ಹುಟ್ಟಲಿಲ್ಲ. 1998ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ ಆ ಸೋಲನ್ನು ಸಾರುತ್ತದೆ.

ಅಡ್ಡಿ ಎರಡು. ಮೊದಲನೆಯದು, ನೀರಿನಲ್ಲಿ ಮೆಗ್ನೀಸಿಯಂ ಒಂಟಿಯಾಗಿರದು. ಸುತ್ತಲೂ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅವನ್ನು ಬಿಡಿಸದೆ ಹರಳಿನೊಳಗೆ ಅದಕ್ಕೆ ಪ್ರವೇಶವಿಲ್ಲ. ಎರಡನೆಯದು, ಆ ಪದರುಗಳ ಕಟ್ಟುನಿಟ್ಟು. ಬೆಳೆಯುವ ಹರಳಿನ ಮೈಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಕ್ಕಸಿಕ್ಕಲ್ಲಿ ಅಂಟಿದರೆ ಸಾಲು ಕೆಡುತ್ತದೆ. ಕೆಟ್ಟ ಸಾಲಿನ ಮೇಲೆ ಮುಂದಿನದು ಏಳುವುದಿಲ್ಲ.

2023ರ ನವೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಮತ್ತು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ತಂಡ ಇದಕ್ಕೊಂದು ಉತ್ತರ ಕೊಟ್ಟಿತು. ಒಳ್ಳೆಯ ಗೌಂಡಿ ಅಂಕುಡೊಂಕಾಗಿ ಕೂತ ಕಲ್ಲನ್ನು ಕಿತ್ತು, ಸಾಲು ಸರಿಮಾಡಿ, ಆಮೇಲೆ ಮೇಲಿನ ವರಸೆ ಎಬ್ಬಿಸುತ್ತಾನೆ. ಡೋಲೊಮೈಟಿನಲ್ಲಿ ಆ ಕೆಲಸವನ್ನು ನೀರು ಮಾಡುತ್ತದೆ. ತಪ್ಪು ಜಾಗದಲ್ಲಿ ಕೂತ ಅಯಾನುಗಳ ಹಿಡಿತ ಸಡಿಲ. ನೀರು ಸ್ವಲ್ಪ ಸಿಹಿಯಾದರೆ ಅವೇ ಮೊದಲು ಕರಗುತ್ತವೆ. ನೀರು ಮತ್ತೆ ಉಪ್ಪೇರಿದಾಗ ಹೊಸದಾಗಿ ಅಂಟುತ್ತವೆ. ಮಳೆ, ಭರತ, ಇಳಿತ, ಬಿಸಿಲಿನ ಸರದಿಯಲ್ಲಿ ಕರಗುವುದು–ಕಟ್ಟುವುದು ಸಾವಿರಾರು ಸಲ ನಡೆದರೆ ಸಾಲು ನೆಟ್ಟಗಾಗುತ್ತದೆ. ಈ ತಿದ್ದುಪಡಿ ಇಲ್ಲದಿದ್ದರೆ ಸರಿಯಾದ ಒಂದೇ ಒಂದು ಪದರು ಕೂಡಲು ಒಂದು ಕೋಟಿ ವರ್ಷ ಬೇಕಾದೀತು ಎಂಬುದು ಅವರ ಅಂದಾಜು. ಹೊಕ್ಕೈಡೊದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಿರಣವನ್ನು ಎರಡು ತಾಸಿನಲ್ಲಿ 4,000 ಸಲ ಮಿಡಿಸಿ, ಪ್ರತಿ ಸಲವೂ ಕೆಟ್ಟ ಭಾಗ ಕರಗುವಂತೆ ಮಾಡಿದರು. ಹರಳು ಸುಮಾರು 300 ಪದರು ಬೆಳೆಯಿತು. ಅದಕ್ಕೆ ಮುಂಚೆ ಐದು ಪದರು ದಾಟಿದವರಿರಲಿಲ್ಲ.

ಜೀವಾಣುಗಳ ಪಾಲೂ ಇದರಲ್ಲಿದೆ. ಬ್ರೆಜಿಲಿನ ರಿಯೊ ಬಳಿಯ ಲಗೋವಾ ವೆರ್ಮೆಲ್ಯಾ ಎಂಬ ಉಪ್ಪುಕೊಳದ ಕೆಸರಿನಲ್ಲಿ ಸಲ್ಫೇಟನ್ನು ಒಡೆದು ಬದುಕುವ ಬ್ಯಾಕ್ಟೀರಿಯಾಗಳ ಆಸರೆಯಲ್ಲಿ ಡೋಲೊಮೈಟ್ ಹರಳುಗಟ್ಟುವುದನ್ನು ಕ್ರಿಸೊಗೊನೊ ವಾಸ್ಕೊನ್ಸೆಲೊಸ್ ಮತ್ತು ಜುಡಿತ್ ಮೆಕೆಂಝಿ 1995ರಲ್ಲಿ ತೋರಿಸಿದರು. ಆ ಬ್ಯಾಕ್ಟೀರಿಯಾಗಳು ಸುತ್ತಲಿನ ನೀರಿನ ರಸಾಯನವನ್ನೇ ಬದಲಿಸಿ ಮೆಗ್ನೀಸಿಯಂನ ದಾರಿ ಸುಗಮ ಮಾಡುತ್ತವೆ.

ಬದಲಾಗುವ ದಾರಿಗಳು

ನೇರವಾಗಿ ಹರಳುಗಟ್ಟಿದ ಡೋಲೊಮೈಟ್ ಕಡಿಮೆ. ದೊಡ್ಡ ರಾಶಿಗಳೆಲ್ಲ ಇದ್ದ ಸುಣ್ಣದ ಕೆಸರೋ ಸುಣ್ಣಕಲ್ಲೋ ಬದಲಾಗಿ ಆದವು. ಎರಡು ಪಾಲು ಕ್ಯಾಲ್ಸೈಟಿಗೆ ಒಂದು ಪಾಲು ಮೆಗ್ನೀಸಿಯಂ ಬಂದು ಸೇರುತ್ತದೆ, ಅಷ್ಟೇ ಕ್ಯಾಲ್ಸಿಯಂ ಹೊರಬೀಳುತ್ತದೆ. ಇದಕ್ಕೆ ಮೂರು ಅನುಕೂಲ ಬೇಕು: ಮೆಗ್ನೀಸಿಯಂ ಒದಗಿಸುವ ನೀರು, ಆ ನೀರನ್ನು ಕಲ್ಲಿನೊಳಗೆ ನೂಕುವ ಬಲ, ಸಾಕಷ್ಟು ಕಾಲ. ಇವು ಎಲ್ಲಿಂದ ಬಂದವು ಎಂಬುದರ ಮೇಲೆ ದಾರಿಗಳು ಬೇರೆಯಾಗುತ್ತವೆ.

ಒಂದು ದಾರಿ ಅಬುಧಾಬಿಯ ಕರಾವಳಿಯಂಥ ಉಪ್ಪುಬಯಲು, ಅರಬ್ಬಿಯಲ್ಲಿ ಸಬ್ಖಾ. ಭರತದ ನೀರು ಬಯಲಿಗೆ ಹರಡುತ್ತದೆ, ಬಿಸಿಲಿಗೆ ಆರುತ್ತದೆ. ಮೊದಲು ಜಿಪ್ಸಂ ಕಟ್ಟುತ್ತದೆ. ಜಿಪ್ಸಂ ಕ್ಯಾಲ್ಸಿಯಂನ್ನು ಎಳೆದುಕೊಳ್ಳುವುದರಿಂದ ಉಳಿದ ನೀರಿನಲ್ಲಿ ಮೆಗ್ನೀಸಿಯಂನ ಪ್ರಮಾಣ ಏರುತ್ತದೆ. ಆ ನೀರು ತಾಗಿದ ಸುಣ್ಣದ ಕೆಸರಿನಲ್ಲಿ ಸಣ್ಣ ಹರಳಿನ ಡೋಲೊಮೈಟ್ ಹುಟ್ಟುತ್ತದೆ.

ಎರಡನೆಯದು ಇದರ ದೊಡ್ಡ ರೂಪ. ಹಿನ್ನೀರಿನ ಕೊಳದಲ್ಲಿ ಆವಿಯಾಗಿ ಉಳಿದ ಉಪ್ಪುನೀರು ಭಾರವಾಗಿ, ಅಡಿಯ ಸುಣ್ಣಕಲ್ಲಿನ ಬಿರುಕುಗಳಲ್ಲಿ ಕೆಳಗಿಳಿದು, ದಾರಿಯುದ್ದಕ್ಕೂ ಅದನ್ನು ಬದಲಿಸುತ್ತ ಹೋಗುತ್ತದೆ. ಮೂರನೆಯದಕ್ಕೆ ವಿಶೇಷ ನೀರೇ ಬೇಡ. ಕಡಲ ನೀರೇ ತಾಪದ ಅಂತರದಿಂದ ದಂಡೆಯ ಕಲ್ಲುಗಳೊಳಗೆ ಲಕ್ಷಾಂತರ ವರ್ಷ ಸುತ್ತಾಡಿದರೆ ಸಾಕು. ನಾಲ್ಕನೆಯದು ಆಳದ ದಾರಿ. ಮೇಲೆ ಸಾವಿರಾರು ಮೀಟರ್ ಕೆಸರು ಬಿದ್ದು ಒತ್ತಿದಾಗ ಜೇಡಿಪದರುಗಳಿಂದ ಹಿಂಡಿ ಬಂದ ಬಿಸಿನೀರು ಪಕ್ಕದ ಸುಣ್ಣಕಲ್ಲಿಗೆ ನುಗ್ಗುತ್ತದೆ. ಐದನೆಯದು ಭೂಮಿಯ ಸೀಳುಗಳಗುಂಟ ಮೇಲೇರುವ ಖನಿಜಭರಿತ ಬಿಸಿನೀರಿನದು. ಸೀಸ, ಸತುವಿನ ಅದಿರು ಅಂಥ ಡೋಲೊಮೈಟಿನ ಜತೆ ಸಿಗುವುದುಂಟು.

ಸಿಹಿನೀರು ಮತ್ತು ಕಡಲ ನೀರು ಬೆರೆಯುವ ವಲಯದಲ್ಲಿ ಡೋಲೊಮೈಟ್ ಆಗುತ್ತದೆಂಬ ವಾದ 1970ರ ದಶಕದಲ್ಲಿ ಜನಪ್ರಿಯವಾಗಿತ್ತು. ಅಂಥ ವಲಯಗಳನ್ನು ಹುಡುಕಿ ನೋಡಿದಾಗ ಡೋಲೊಮೈಟ್ ಅಷ್ಟಾಗಿ ಸಿಗಲಿಲ್ಲ. ಈಗ ಆ ವಾದಕ್ಕೆ ಬೆಂಬಲ ಕಡಿಮೆ.

ಬದಲಾದಾಗ ಕಲ್ಲು ಕುಗ್ಗುತ್ತದೆ. ಅಯಾನಿಗೆ ಅಯಾನು ಬದಲಾದರೆ ಗಾತ್ರ ಸುಮಾರು ಶೇ 12ರಿಂದ 13ರಷ್ಟು ಇಳಿಯಬೇಕೆಂಬುದು ಲೆಕ್ಕ. ಉಳಿದ ಜಾಗ ಸಣ್ಣ ರಂಧ್ರಗಳಾಗುತ್ತದೆ. ಲೋಕದ ಹಲವು ತೈಲನಿಕ್ಷೇಪಗಳು ಡೋಲೊಮೈಟಿನಲ್ಲಿ ತುಂಬಿಕೊಂಡಿರುವುದಕ್ಕೆ ಇಂಥ ರಂಧ್ರಗಳೂ ಒಂದು ಕಾರಣ.

ಮೂರು ಅಳತೆಗೋಲು

*ಮೊದಲನೆಯದು, ಎಷ್ಟು ಬದಲಾಗಿದೆ?* ಅಮೆರಿಕದ ಫ್ರಾನ್ಸಿಸ್ ಪೆಟಿಜಾನ್ ಬಳಕೆಗೆ ತಂದ ವಿಂಗಡಣೆ ಸರಳ. ಕಲ್ಲಿನ ಕಾರ್ಬನೇಟಿನಲ್ಲಿ ಡೋಲೊಮೈಟ್ ಖನಿಜ ಶೇ 10ರೊಳಗಿದ್ದರೆ ಅದು ಸುಣ್ಣಕಲ್ಲು. ಶೇ 10ರಿಂದ 50 ಇದ್ದರೆ ಡೋಲೊಮೈಟಿಕ್ ಸುಣ್ಣಕಲ್ಲು. ಶೇ 50ರಿಂದ 90 ಇದ್ದರೆ ಕ್ಯಾಲ್ಸೈಟಿಕ್ ಡೋಲೊಮೈಟ್. ಶೇ 90 ದಾಟಿದರೆ ಅಪ್ಪಟ ಡೋಲೊಮೈಟ್. ಖನಿಜಕ್ಕೂ ಶಿಲೆಗೂ ಒಂದೇ ಹೆಸರಾದರೆ ಗೊಂದಲವೆಂದು ಶಿಲೆಯನ್ನು 'ಡೋಲೊಸ್ಟೋನ್' ಎನ್ನುವವರೂ ಇದ್ದಾರೆ. ಗಣಿಗಳಲ್ಲಿ ಕಲ್ಲಿನ ಬೆಲೆ ನಿಂತಿರುವುದು ಈ ಶೇಕಡಾವಾರಿನ ಮೇಲೆಯೇ.

*ಎರಡನೆಯದು, ಹೇಗೆ ಬದಲಾಗಿದೆ?* ಇದಕ್ಕೆ ಕಲ್ಲನ್ನು ಒಂದು ಮಿಲಿಮೀಟರಿನ ಮೂವತ್ತನೇ ಒಂದು ಭಾಗದಷ್ಟು ತೆಳುವಾಗಿ ಉಜ್ಜಿ, ಗಾಜಿನ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. 1987ರಲ್ಲಿ ಡಂಕನ್ ಸಿಬ್ಲಿ ಮತ್ತು ಜೇ ಗ್ರೆಗ್ ಕೊಟ್ಟ ವರ್ಗೀಕರಣ ಇಂದಿಗೂ ಚಾಲ್ತಿಯಲ್ಲಿದೆ. ಅವರು ಎರಡು ಸಂಗತಿ ನೋಡಿದರು. ಹರಳುಗಳು ಎಲ್ಲ ಒಂದೇ ಗಾತ್ರದವೇ, ಬೇರೆಬೇರೆ ಗಾತ್ರದವೇ? ಹರಳುಗಳ ಅಂಚು ನೇರವೇ, ಅಂಕುಡೊಂಕೇ?

ಅಂಚು ನೇರವಾಗಿದ್ದು ಹರಳು ತನ್ನ ಪೂರ್ಣ ಆಕಾರ ಪಡೆದಿದ್ದರೆ 'ಪ್ಲೇನಾರ್-ಇ'. ನೇರ ಅಂಚೇ ಇದ್ದರೂ ಅಕ್ಕಪಕ್ಕದವುಗಳ ಒತ್ತಡಕ್ಕೆ ಸಿಕ್ಕಿ ಆಕಾರ ಅರೆಬರೆಯಾಗಿದ್ದರೆ 'ಪ್ಲೇನಾರ್-ಎಸ್'. ಅಂಚುಗಳು ಬಾಗಿ, ಒಂದರೊಳಗೊಂದು ಹೊಕ್ಕಿದ್ದರೆ 'ನಾನ್‌ಪ್ಲೇನಾರ್-ಎ'. ಕಡಿಮೆ ತಾಪದಲ್ಲಿ ನಿಧಾನವಾಗಿ ಬೆಳೆದ ಹರಳು ನೇರ ಅಂಚನ್ನು ಉಳಿಸಿಕೊಳ್ಳುತ್ತದೆ. ತಾಪ 50ರಿಂದ 100 ಡಿಗ್ರಿಯ ನಡುವಿನ ಒಂದು ಮಿತಿ ದಾಟಿದರೆ ಹರಳಿನ ಮೈ ಒರಟಾಗಿ ಅಂಚು ಕೆಡುತ್ತದೆ. ಹೀಗೆ ಅಂಚಿನ ಆಕಾರವೇ ಅಂದಿನ ಬಿಸಿಯ ಸಾಕ್ಷಿ. ಬಿಸಿಯಾದ ನೀರಿನಲ್ಲಿ, ಸುಮಾರು 60ರಿಂದ 150 ಡಿಗ್ರಿಯಲ್ಲಿ, ಬಾಗಿದ ಮುಖಗಳ ಮುತ್ತಿನ ಹೊಳಪಿನ ಹರಳು ಬೆಳೆಯುತ್ತದೆ. ಅದಕ್ಕೆ ಸ್ಯಾಡಲ್ ಡೋಲೊಮೈಟ್ ಎಂದು ಹೆಸರು.

ಹಳೆಯ ಕಲ್ಲಿನ ಗುರುತು ಉಳಿದಿದೆಯೇ ಎಂಬುದನ್ನೂ ಗಮನಿಸುತ್ತಾರೆ. ಕೆಲವು ಕಲ್ಲುಗಳಲ್ಲಿ ಮೂಲದ ಎಳೆ ಎಳೆಯೂ ಹಾಗೇ ಇರುತ್ತದೆ. ಕೆಲವುಗಳಲ್ಲಿ ಎಲ್ಲ ಅಳಿಸಿ, ಸಕ್ಕರೆ ಹರಳಿನಂಥ ಕಣಗಳು ಮಾತ್ರ ಉಳಿದಿರುತ್ತವೆ.

*ಮೂರನೆಯದು, ಯಾವಾಗ ಬದಲಾಗಿದೆ?* ಕೆಸರು ಬೀಳುತ್ತಿದ್ದಾಗಲೇ ಆದದ್ದು, ಕೆಸರು ಗಟ್ಟಿಯಾಗುವ ಮುಂಚೆ ಆದದ್ದು, ಕಲ್ಲಾಗಿ ಆಳಕ್ಕೆ ಹೋದ ಮೇಲೆ ಆದದ್ದು. ಎಕ್ಸ್‌ರೇ ವಿವರ್ತನೆಯಿಂದ ಪದರುಗಳ ಕ್ರಮ ಎಷ್ಟು ಕಟ್ಟುನಿಟ್ಟೆಂದು ತಿಳಿಯುತ್ತದೆ. ಆಕ್ಸಿಜನ್, ಇಂಗಾಲದ ಐಸೊಟೋಪುಗಳಿಂದ ನೀರು ಎಲ್ಲಿನದು, ಎಷ್ಟು ಬಿಸಿಯಿತ್ತು ಎಂದು ಅಂದಾಜಾಗುತ್ತದೆ. ಬದಲಾವಣೆ ಹಿಮ್ಮುಖವೂ ಆಗಬಲ್ಲದು. ಕ್ಯಾಲ್ಸಿಯಂ ಹೆಚ್ಚಿರುವ ನೀರು ಹರಿದರೆ ಡೋಲೊಮೈಟ್ ಮತ್ತೆ ಕ್ಯಾಲ್ಸೈಟ್ ಆಗುತ್ತದೆ. ಒತ್ತಡ, ತಾಪ ಇನ್ನೂ ಹೆಚ್ಚಿದರೆ ಡೋಲೊಮೈಟ್ ಅಮೃತಶಿಲೆಯಾಗುತ್ತದೆ.

> ಕಲ್ಲು ಕೈಯಲ್ಲಿದ್ದರೆ ಪರೀಕ್ಷೆ ಹೀಗೆ
>
> ◆ ಹತ್ತು ಶೇಕಡಾ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿ. ಸುಣ್ಣಕಲ್ಲು ತಕ್ಷಣ ಭುಸ್ಸೆಂದು ನೊರೆಯೇಳುತ್ತದೆ. ಡೋಲೊಮೈಟ್ ಸುಮ್ಮನಿರುತ್ತದೆ, ಇಲ್ಲವೇ ತಡವಾಗಿ ಸಣ್ಣ ಗುಳ್ಳೆ ಬಿಡುತ್ತದೆ.
>
> ◆ ಅದೇ ಕಲ್ಲನ್ನು ಚಾಕುವಿನಿಂದ ಕೆರೆದು, ಪುಡಿಯ ಮೇಲೆ ಹನಿ ಹಾಕಿ. ಡೋಲೊಮೈಟೂ ಈಗ ನೊರೆಯೇಳುತ್ತದೆ.
>
> ◆ ಮಳೆಗೆ ಮೈಯೊಡ್ಡಿದ ಡೋಲೊಮೈಟಿನ ಮೇಲ್ಮೈ ಅಡ್ಡಾದಿಡ್ಡಿ ಗೀರುಗಳಿಂದ ಸುಕ್ಕುಗಟ್ಟುತ್ತದೆ. ಕ್ಷೇತ್ರಕಾರ್ಯದಲ್ಲಿ ಇದನ್ನು 'ಆನೆಚರ್ಮ' ಎನ್ನುತ್ತಾರೆ.
>
> ◆ ಪ್ರಯೋಗಾಲಯದಲ್ಲಿ ಅಲಿಝರಿನ್ ರೆಡ್-ಎಸ್ ಬಣ್ಣ ಹಚ್ಚಿದರೆ ಕ್ಯಾಲ್ಸೈಟ್ ಕೆಂಪಾಗುತ್ತದೆ, ಡೋಲೊಮೈಟ್ ಬಣ್ಣ ಹಿಡಿಯದು. ಒಂದೇ ಚೂರಿನಲ್ಲಿ ಎರಡೂ ಇದ್ದರೆ ಎಲ್ಲಿ ಯಾವುದೆಂದು ಆಗ ಗೊತ್ತಾಗುತ್ತದೆ.
>
> ◆ ಆಮ್ಲ ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ.

ಕಲಾದಗಿಯ ಕಡಲು

ಈ ಮೂರು ಪ್ರಶ್ನೆ ಹಿಡಿದು ಲೋಕಾಪುರದ ಕಡೆ ಹೋಗೋಣ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸುಮಾರು 8,000 ಚದರ ಕಿಲೋಮೀಟರ್ ಹರಡಿರುವ ಈ ಶಿಲಾಪ್ರದೇಶಕ್ಕೆ ಕಲಾದಗಿ ಜಲಾನಯನವೆಂದು ಹೆಸರು. ಪಶ್ಚಿಮ ಮತ್ತು ಉತ್ತರದಲ್ಲಿ ಅದು ಟ್ರ್ಯಾಪಿನ ಅಡಿ ಹೊಕ್ಕಿದೆ. ಕೊಲ್ಲಾಪುರದ ಮತ್ತು ಸಹ್ಯಾದ್ರಿಯ ಆಚೆ ಕೊಂಕಣದ ಕೆಲವೆಡೆ ಲಾವಾ ಸವೆದಲ್ಲಿ ಮತ್ತೆ ತಲೆ ಎತ್ತುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಕುರಿತ ತಮ್ಮ ಗ್ರಂಥದಲ್ಲಿ ಈ ಶಿಲೆಗಳನ್ನು ವಿವರವಾಗಿ ದಾಖಲಿಸಿದರು. ದಾಳಿಂಬೆ, ಚಿಕ್ಕು ತೋಟಗಳಿಗೆ ಹೆಸರಾದ ಕಲಾದಗಿ ಆಗ ಜಿಲ್ಲಾಕೇಂದ್ರ. ಅದರ ಹೆಸರೇ ಶಿಲಾಸಮೂಹಕ್ಕೂ ಉಳಿಯಿತು.

1987ರಲ್ಲಿ ಎ.ವಿ. ಜಯಪ್ರಕಾಶ ಮತ್ತು ಸಂಗಡಿಗರು ಇಲ್ಲಿನ ಪದರುಗಳಿಗೆ ವಿವರವಾದ ಕ್ರಮ ಕೊಟ್ಟರು. ಮೇಲಿನದು ಬಾದಾಮಿ ಗುಂಪು. ಬಾದಾಮಿಯ ಗುಹಾಲಯಗಳನ್ನು ಕೊರೆದದ್ದು ಅದರ ಮರಳುಗಲ್ಲಿನಲ್ಲಿ. ಕೆಳಗಿನದು, ಹೆಚ್ಚು ಹಳೆಯದು, ಬಾಗಲಕೋಟೆ ಗುಂಪು. ಡೋಲೊಮೈಟ್ ಇರುವುದು ಇದರಲ್ಲಿ. ಬಾದಾಮಿಯ ಪದರುಗಳು ಬಹುಮಟ್ಟಿಗೆ ಮಟ್ಟಸವಾಗಿದ್ದರೆ, ಬಾಗಲಕೋಟೆ ಗುಂಪಿನವು ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡಿವೆ.

ಭೂವಿಜ್ಞಾನದಲ್ಲಿ ಪದರಿಗೆ ಅದು ಚೆನ್ನಾಗಿ ಕಾಣುವ ಊರಿನ ಹೆಸರಿಡುವುದು ವಾಡಿಕೆ. ಹೀಗಾಗಿ ನಮ್ಮ ಹಳ್ಳಿಗಳು ಅಂತಾರಾಷ್ಟ್ರೀಯ ಪತ್ರಿಕೆಗಳಲ್ಲಿ ಓಡಾಡುತ್ತವೆ. ತಳದಿಂದ ಮೇಲೆ ಓದಿದರೆ: ಸಾಲಗುಂದಿಯ ಉಂಡೆಗಲ್ಲು, ಸವದತ್ತಿಯ ಕ್ವಾರ್ಟ್ಜೈಟ್, ಮನೋಳಿಯ ಜೇಡಿಗಲ್ಲು, ಮಹಾಕೂಟದ ಚರ್ಟ್, ಮುತ್ತಲಗೇರಿಯ ಜೇಡಿಗಲ್ಲು, ಅದರ ಮೇಲೆ ಚಿತ್ರಭಾನುಕೋಟದ ಡೋಲೊಮೈಟ್. ಮತ್ತೆ ಹೆಬ್ಬಾಳದ ಜೇಡಿಗಲ್ಲು, ಚಿಕ್ಕಶೆಲ್ಲಿಕೇರಿಯ ಸುಣ್ಣಕಲ್ಲು, ನಾಗನಾಪುರದ ಡೋಲೊಮೈಟ್. ಮತ್ತೆ ಜಾಲಿಕಟ್ಟಿಯ ಜೇಡಿಗಲ್ಲು, ಪೆಟ್ಲೂರಿನ ಸುಣ್ಣಕಲ್ಲು, ಬಾಮನಬುದ್ನಾಳದ ಡೋಲೊಮೈಟ್. ಇನ್ನೂ ಮೇಲೆ, ಲೋಕಾಪುರದ ನೆರೆಯ ಲಕ್ಷಾನಟ್ಟಿಯ ಹೆಸರಿನ ಮತ್ತೊಂದು ಡೋಲೊಮೈಟ್.

ಈ ಪಟ್ಟಿಯಲ್ಲಿ ಒಂದು ಸರದಿ ಇದೆ. ಉಂಡೆಗಲ್ಲು, ಮರಳುಗಲ್ಲು ಎಂದರೆ ನದಿ ಮತ್ತು ದಂಡೆ. ಆಮೇಲೆ ಕಡಲು ಒಳನುಗ್ಗಿ ನಿಶ್ಚಲ ನೀರಿನಲ್ಲಿ ಜೇಡಿ ಕೂತಿತು. ನೀರು ತಿಳಿಯಾದಾಗ ಸುಣ್ಣದ ಕೆಸರು ಬಿತ್ತು. ತಳ ಮೇಲೆ ಬಂದು ನೀರು ತೆಳುವಾದಾಗ, ಆವಿ ಹೆಚ್ಚಿದಾಗ ಡೋಲೊಮೈಟ್. ಮತ್ತೆ ಕಡಲು ಆಳವಾಯಿತು, ಮತ್ತೆ ಜೇಡಿ. ಜೇಡಿ, ಸುಣ್ಣ, ಡೋಲೊಮೈಟ್ ಎಂಬ ಮೆಟ್ಟಿಲು ಎರಡು ಸಲ ಸ್ಪಷ್ಟವಾಗಿ ಮರುಕಳಿಸಿದೆ.

ಆ ತೆಳುನೀರಿನಲ್ಲಿ ಮೀನಿರಲಿಲ್ಲ, ಚಿಪ್ಪಿರಲಿಲ್ಲ, ಹವಳವೂ ಇರಲಿಲ್ಲ. ಬಾಗಲಕೋಟೆ ಗುಂಪನ್ನು ಸೀಳಿ ಒಳನುಗ್ಗಿದ ಮಲ್ಲಾಪುರದ ಅಗ್ನಿಶಿಲೆಯ ವಯಸ್ಸು ಸುಮಾರು 115 ಕೋಟಿ ವರ್ಷವೆಂದು ಆರ್ಗಾನ್ ಕಾಲಗಣನೆ ಹೇಳುತ್ತದೆ; ಅದು ಸೀಳಿದ ಪದರುಗಳು ಅದಕ್ಕಿಂತ ಹಳೆಯವು. ಆಗ ಕಡಲಲ್ಲಿದ್ದದ್ದು ಸೂಕ್ಷ್ಮಜೀವಿಗಳ ಲೋಳೆಚಾಪೆಗಳು. ಅವು ಕೆಸರನ್ನು ಹಿಡಿದು, ಅದರ ಮೇಲೆ ಮತ್ತೆ ಬೆಳೆದು, ಮತ್ತೆ ಕೆಸರು ಹಿಡಿದು ಕಟ್ಟಿದ ಅಲೆಅಲೆಯಾದ, ಗುಮ್ಮಟದಂಥ ಪದರುಗಳಿಗೆ ಸ್ಟ್ರೊಮಾಟೊಲೈಟ್ ಎಂದು ಹೆಸರು. ಕಲಾದಗಿಯ ಕಾರ್ಬನೇಟ್ ಶಿಲೆಗಳಲ್ಲಿ ಅವು ಸಿಗುತ್ತವೆ. ಡೋಲೊಮೈಟಾದ ಮೇಲೂ ಅವುಗಳ ನವಿರು ಗೆರೆಗಳು ಅಳಿಸದೆ ಉಳಿದಿದ್ದರೆ, ಬದಲಾವಣೆ ಬೇಗನೆ, ಸಣ್ಣ ಹರಳುಗಳಲ್ಲಿ ನಡೆಯಿತೆಂದು ಓದಬಹುದು. ಬ್ರೆಜಿಲಿನ ಉಪ್ಪುಕೊಳದಲ್ಲಿ ಕಂಡ ಜೀವಾಣುಗಳ ಕೈವಾಡವನ್ನು ಇಲ್ಲಿಯೂ ಹುಡುಕಲು ಕಾರಣವಿದೆ.

ಕಾರ್ಖಾನೆಗೆ ಬೇಕು, ಕಾರ್ಖಾನೆಗೆ ಬೇಡ

ಯಾದವಾಡ, ಮುದ್ದಾಪುರಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಕೂತದ್ದು ಸುಣ್ಣಕಲ್ಲಿಗಾಗಿ. ಅವುಗಳಿಗೆ ಡೋಲೊಮೈಟ್ ಆಗದು. ಸಿಮೆಂಟಿನಲ್ಲಿ ಮೆಗ್ನೀಸಿಯಂ ಆಕ್ಸೈಡ್ ಹೆಚ್ಚಾದರೆ ಕಟ್ಟಡ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಅದು ನೀರು ಹೀರಿ ಉಬ್ಬಿ, ಕಾಂಕ್ರೀಟಿನಲ್ಲಿ ಬಿರುಕು ತರುತ್ತದೆ. ಭಾರತೀಯ ಮಾನಕದಲ್ಲಿ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಅದರ ಮಿತಿ ಶೇ 6. ಪೆಟಿಜಾನರ ಶೇಕಡಾವಾರು ಗಣಿಯ ಇಂಜಿನಿಯರಿಗೆ ನಿತ್ಯದ ಲೆಕ್ಕವಾಗುವುದು ಇಲ್ಲಿ.

ಕಬ್ಬೂರಿನ ಸೀಮೆಗೆ ಇನ್ನೊಂದು ನಂಟಿದೆ. ಕಬ್ಬಿನ ರಸ ತಿಳಿಗೊಳಿಸಲು ಸಕ್ಕರೆ ಕಾರ್ಖಾನೆಗಳಿಗೆ ಸುಣ್ಣ ಬೇಕು. ಗಾಣದ ಕೊಪ್ಪರಿಗೆಗೂ ಚಿಟಿಕೆ ಸುಣ್ಣ ಬೀಳುತ್ತದೆ. ಆ ಸುಣ್ಣ ಡೋಲೊಮೈಟ್ ಸುಟ್ಟದ್ದಾದರೆ ಕಾರ್ಖಾನೆಗೆ ತಾಪತ್ರಯ: ರಸ ಸೋಸುವುದು ನಿಧಾನವಾಗುತ್ತದೆ, ಕುದಿಸುವ ಕೊಳವೆಗಳಲ್ಲಿ ಹಕ್ಕಳೆ ಕಟ್ಟುತ್ತದೆ.

ಸಿಮೆಂಟಿನವರು ಬೇಡವೆಂದದ್ದನ್ನು ಉಕ್ಕಿನವರು ಹುಡುಕಿಕೊಂಡು ಬರುತ್ತಾರೆ. ಕುಲುಮೆಯಲ್ಲಿ ಕಿಟ್ಟ ತೆಳುವಾಗಿ ಹರಿಯಲು ಮೆಗ್ನೀಸಿಯಂ ಬೇಕು. ಕುಲುಮೆಯ ಒಳಗೋಡೆ ಬೇಗ ಸವೆಯದಂತೆಯೂ ಅದು ಕಾಯುತ್ತದೆ. ಗಾಜಿನ ತಯಾರಿಕೆಗೂ ಡೋಲೊಮೈಟ್ ಬೇಕು. 2015ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳೆಂದು ಅಧಿಸೂಚಿಸಿದಾಗ ಡೋಲೊಮೈಟೂ ಅವುಗಳಲ್ಲಿತ್ತು. ಅಂದಿನಿಂದ ಅದರ ಪರವಾನಗಿಯ ನಿಯಮ ರಾಜ್ಯದ ಕೈಯಲ್ಲಿದೆ.

ರೈತರಿಗೊಂದು ಮಾತು. ಗೊಬ್ಬರದ ಅಂಗಡಿಗಳಲ್ಲಿ ಡೋಲೊಮೈಟ್ ಪುಡಿ ಚೀಲಗಳಲ್ಲಿ ಸಿಗುತ್ತದೆ. ಮಲೆನಾಡು, ಕರಾವಳಿಯ ಹುಳಿಮಣ್ಣಿನ ಅಡಿಕೆ ತೋಟಗಳಿಗೆ ಅದು ಒಳ್ಳೆಯದು. ಹುಳಿ ತಗ್ಗಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕೊಡುತ್ತದೆ. ಬೆಸಾಲ್ಟ್ ಸವೆದು ಆದ ಎರಿಮಣ್ಣು ಮೊದಲೇ ಕ್ಷಾರದ ಕಡೆ ವಾಲಿದೆ, ಎರಡೂ ಲೋಹಗಳು ಅದರಲ್ಲಿ ಧಾರಾಳ. ಅಂಥ ಮಣ್ಣಿಗೆ ಸುರಿದರೆ ಕಲ್ಲಿನ ಪುಡಿ ಕರಗದೆ ಉಳಿದೀತು, ದುಡ್ಡು ಮಾತ್ರ ಕರಗೀತು. ಅತಿನೀರಾವರಿಯಿಂದ ಕ್ಷಾರಗಟ್ಟಿದ ಹೊಲಗಳಿಗೆ ಬೇಕಾದದ್ದು ನೀರು ಬಸಿಯುವ ವ್ಯವಸ್ಥೆ ಮತ್ತು ಜಿಪ್ಸಂ. ಮಣ್ಣು ಪರೀಕ್ಷೆ ಮಾಡಿಸದೆ ಯಾವ ಚೀಲವನ್ನೂ ಬಿಚ್ಚಬಾರದು.

ಒಂದು ಗೋಡೆಯಾದರೂ ಉಳಿಯಲಿ

ಡೋಲೊಮೈಟಿನ ಬೆಲೆ ಟನ್ನಿನ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಅದರೊಳಗಿನ ಸ್ಟ್ರೊಮಾಟೊಲೈಟಿಗೆ ಆ ಲೆಕ್ಕದಲ್ಲಿ ಬೆಲೆಯಿಲ್ಲ. ಅದೂ ಜೆಸಿಬಿಯ ಬಾಯಿಗೆ, ಕ್ರಷರಿಗೆ, ಕುಲುಮೆಗೆ ಹೋಗುತ್ತದೆ. ರಾಜಸ್ಥಾನದ ಝಾಮರ್‌ಕೋಟ್ರಾ ಮತ್ತು ಭೋಜುಂಡಾದ ಸ್ಟ್ರೊಮಾಟೊಲೈಟ್ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ಝಾಮರ್‌ಕೋಟ್ರಾ ರಾಕ್‌ಫಾಸ್ಫೇಟ್ ತೆಗೆಯುವ ಗಣಿಯ ಊರು; ಗಣಿಯೂ ನಡೆದಿದೆ, ಸ್ಮಾರಕವೂ ಉಳಿದಿದೆ. ಕರ್ನಾಟಕದ ಪಟ್ಟಿಯಲ್ಲಿ ಲಾಲ್‌ಬಾಗಿನ ಬಂಡೆ, ಮರಡಿಹಳ್ಳಿಯ ದಿಂಬುಲಾವಾ, ಸೇಂಟ್ ಮೇರಿಸ್ ದ್ವೀಪದ ಕಂಬಲಾವಾ, ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ ಇವೆ. ಕಲಾದಗಿಯ ಪದರುಗಳಿಗೆ ಆ ಮನ್ನಣೆ ಬಂದಿಲ್ಲ.

ಗಣಿಗಾರಿಕೆ ನಿಲ್ಲಬೇಕೆಂದು ಇದರರ್ಥವಲ್ಲ. ಪರವಾನಗಿ ಕೊಡುವ ಮುಂಚೆ ಒಬ್ಬ ಭೂವಿಜ್ಞಾನಿ ಕ್ವಾರಿ ಸುತ್ತಿ ಬರಲಿ. ಸ್ಟ್ರೊಮಾಟೊಲೈಟ್ ಚೆನ್ನಾಗಿ ಕಾಣುವ ಒಂದು ಗೋಡೆಯನ್ನು ಒಡೆಯದೆ ಬಿಡುವ ಷರತ್ತು ಹಾಕಲಿ. ಆ ಗೋಡೆಯ ಮುಂದೆ ಕನ್ನಡದಲ್ಲಿ ಒಂದು ಫಲಕ ನಿಲ್ಲಲಿ. ಖರ್ಚು ಹೆಚ್ಚಿಲ್ಲ. ಚಿಕ್ಕೋಡಿ, ಗೋಕಾಕ, ಮುಧೋಳದ ಕಾಲೇಜು ಹುಡುಗರು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಬೆಸಾಲ್ಟ್, ಮರಳುಗಲ್ಲು, ಸುಣ್ಣಕಲ್ಲು, ಡೋಲೊಮೈಟ್ ನಾಲ್ಕನ್ನೂ ಕೈಯಾರೆ ಮುಟ್ಟಿ, ಆಮ್ಲದ ಹನಿ ಹಾಕಿ, ವ್ಯತ್ಯಾಸ ಕಂಡು ಮರಳಬಹುದು. ಪಠ್ಯಪುಸ್ತಕದಲ್ಲಿ ಇಟಲಿಯ ಪರ್ವತಗಳ ಚಿತ್ರ ನೋಡಿ ಡೋಲೊಮೈಟ್ ಕಲಿಯುವ ಮಕ್ಕಳಿಗೆ, ಅದಕ್ಕಿಂತ ಎಷ್ಟೋ ಪಾಲು ಹಳೆಯ ಡೋಲೊಮೈಟ್ ತಮ್ಮದೇ ಬಸ್ಸಿನ ದಾರಿಯಲ್ಲಿದೆ ಎಂದು ಹೇಳುವ ಕೆಲಸ ನಮ್ಮ ಶಾಲೆ-ಕಾಲೇಜುಗಳದ್ದು.